ಬಾಯಿಪಾಠ

ಅವನ ಮಾತು ಹೋದದ್ದು ಒಂದು ಮಂಗಳವಾರ,
ಹ್ಯಾಡಕ್ ಮೀನಿನ ಮುಳ್ಳು ತೆಗೆಯುತ್ತಿದ್ದಾಗ.
ಮೊದಲು ಕೈಯ ಚೂರಿ ಜಾರಿತು, ಆಮೇಲೆ ತುಟಿಯ ಬಲತುದಿ,
ಆಮೇಲೆ ನನ್ನ ಹೆಸರು.
ಮೇವಿಸ್. ದೊಡ್ಡ ಹೆಸರೇನಲ್ಲ, ನಾಲಿಗೆಗೆ ಎರಡೇ ಹೊರಳು.

ಗ್ರಿಮ್ಸ್‌ಬಿಯ ಆಸ್ಪತ್ರೆ ಹನ್ನೊಂದು ದಿನ ಇಟ್ಟುಕೊಂಡು
ಮನೆಗೆ ಕಳಿಸಿತು ಸೆಡ್ರಿಕ್‌ನನ್ನು,
ಜೊತೆಗೊಂದು ಕಬ್ಬಿಣದ ಮಂಚ, ಚಿತ್ರಗಳ ಒಂದು ಕಟ್ಟು:
ಕಪ್ಪು, ಚಮಚ, ನಾಯಿ, ಕಿಟಕಿ.
ಕಿಟಕಿ ತೋರಿಸಿದರೆ 'ಬುಧವಾರ' ಅನ್ನುತ್ತಾನೆ.
ಉಪ್ಪು ಬೇಕಾದರೆ ಬೆರಳು ಅಲ್ಲಾಡಿಸಿ ಅಳುತ್ತಾನೆ.
ನಲವತ್ತೆರಡು ವರ್ಷ ಹಡಗುಕಟ್ಟೆಯಲ್ಲಿ
ಗಾಳಿಗೆದುರು ಗಂಟಲು ಎಸೆದು ಮೀನು ಹರಾಜು ಹಾಕಿದವನು
ಈಗ ಒಂದು ಮಾತಿಗಾಗಿ
ತಳವಿಲ್ಲದ ನೀರಿಗೆ ಲಂಗರು ಇಳಿಸಿದಂತೆ
ಇಳಿಸುತ್ತಾನೆ, ಇಳಿಸುತ್ತಾನೆ,
ಸರಪಳಿ ಮುಗಿಯುತ್ತದೆ.

ಮಾತು ಕಲಿಸುವ ಹುಡುಗಿ ಬಂದಳು, ನೆರಿಸ್,
ವೇಲ್ಸ್ ಕಡೆಯವಳು, ಚೀಲದ ತುಂಬ ಬಿಸ್ಕತ್ತು.
'ಬಾಯಿಪಾಠದ್ದು ಬೇರೆ ಕೋಣೆಯಲ್ಲಿರುತ್ತದೆ,
ಆ ಕೋಣೆಗೆ ಬೆಂಕಿ ತಾಕಿರಲಿಕ್ಕಿಲ್ಲ.
ಪ್ರಾರ್ಥನೆ ಹೇಳಿಸಿ' ಎಂದಳು.
ಪ್ರಾರ್ಥನೆ? ಇವನು ಇಗರ್ಜಿಗೆ ಹೋದದ್ದು ಎರಡು ಸಲ,
ಎರಡನೆಯ ಸಲ ನನ್ನನ್ನು ಕಟ್ಟಿಕೊಳ್ಳಲು.
'ಶಾಲೆಯಲ್ಲಿ ನಾಟಕ ಗೀಟಕ?' ಅಂದಳು, ಸುಮ್ಮನೆ.

ಇವನು ಕತ್ತೆತ್ತಿದ.

ಹೇಗೆ ಬಂತೆಂದರೆ,
ಮಂಜಿನೊಳಗಿಂದ ಬಂದರಿಗೆ ಬರುವ ಹಡಗಿನ ಹಾಗೆ
ಮೊದಲು ಸದ್ದು, ಆಮೇಲೆ ಮೂತಿ, ಆಮೇಲೆ ಇಡೀ ಮೈ;
ಒಂದಕ್ಷರ ತೊದಲದೆ
ಇಪ್ಪತ್ತಾರು ಸಾಲು, ಸೋತ ರಾಜನೊಬ್ಬನದು.
ನೆರಿಸ್ ಬಿಸ್ಕತ್ತು ಕಚ್ಚುವುದನ್ನು ಮರೆತಳು.

ನನಗೆ ಗೊತ್ತು ಆ ನಾಟಕದಲ್ಲಿ ಇವನ ಪಾತ್ರ:
ಮೂರನೆಯ ದೂತ. ಮಾತು ಒಂದೇ ಸಾಲು.
ಪರದೆಯ ಹಿಂದೆ ಎರಡು ಗಂಟೆ ಕಾದು ನಿಂತು
ಹದಿಮೂರರ ಹುಡುಗ ಎಲ್ಲರ ಮಾತನ್ನೂ ಕಿವಿಯಲ್ಲಿ ಕುಡಿದಿದ್ದ.
ತನ್ನದೊಂದೇ ಮರೆತು ದೀಪದ ಕೆಳಗೆ ಬೆಪ್ಪಾಗಿದ್ದ.
ಊರೆಲ್ಲ ನಕ್ಕಿತ್ತು;
ನಾನೂ, ಮುಂದಿನ ಬೆಂಚಿನಲ್ಲಿ.

ಆ ನಾಟಕ ಬರೆದವನ ಮೇಲೆ ನನಗೆಂದೂ ಒಲವಿರಲಿಲ್ಲ.
ಮೀನೆಣ್ಣೆಯಂತೆ ಮೂಗು ಹಿಡಿದು ಕುಡಿಸಿದ್ದರು ಮೇಷ್ಟರು.
ಕೈಗವಸು ಹೊಲಿಯುವವನ ಮಗ,
ಹೆಂಡತಿ ಮಕ್ಕಳನ್ನು ನದಿಯೂರಲ್ಲಿ ಬಿಟ್ಟು ಲಂಡನ್ನಿಗೆ ಹೋದ.
ಹನ್ನೊಂದರ ಮಗ ಮಣ್ಣಿಗೆ ಹೋದಾಗ ಎಲ್ಲಿದ್ದನೋ.
ಪ್ಲೇಗು ಬಂದು ರಂಗಮಂದಿರಕ್ಕೆ ಬೀಗ ಬಿತ್ತು,
ಇವನ ಮಸಿಗೆ ಬೀಳಲಿಲ್ಲ.
ಸಾಯುವಾಗ ಹೆಂಡತಿಗೆಂದು ಬರೆದಿಟ್ಟದ್ದು
ಮನೆಯ ಎರಡನೆಯ ದರ್ಜೆಯ ಮಂಚ.
ಅಲ್ಲಿಗೆ ಪುಸ್ತಕ ಮುಚ್ಚಿದ್ದೆ ನಾನು.

ಈಗ ನಡುಮನೆಯಲ್ಲಿ ಈ ಕಬ್ಬಿಣದ್ದು,
ಪಕ್ಕದಲ್ಲಿ ನನ್ನ ಮಡಿಸುವ ಮಂಚ.
ಯಾವುದು ಮೊದಲನೆಯದು, ಯಾವುದು ಎರಡನೆಯದು
ವಕೀಲರು ಬಂದು ಹೇಳಲಿ.

ನಡುರಾತ್ರಿ ಬಾಯಾರಿದರೆ ಯಾವಳೋ ರಾಣಿಯ ಮಾತು;
ನಾನೆದ್ದು ನೀರು ಕೊಡುತ್ತೇನೆ.
ಹಾಸಿಗೆ ಒದ್ದೆಯಾದರೆ ಸೇನಾಪತಿ.
ಬೆನ್ನು ನೋವಿಗೆ ವಿದೂಷಕ.
ಹಿಮ ಬಿದ್ದ ಬೆಳಗ್ಗೆ ಒಬ್ಬ ಪ್ರೇಮಿಯದು, ನನ್ನ ಮುಖ ನೋಡಿಯೇ,
ಐವತ್ತು ವರ್ಷ ಸ್ವಂತ ಬಾಯಿಂದ ಒಮ್ಮೆಯೂ ಬಾರದ್ದು.
ಎರವಲು ಮಾತು, ಗೊತ್ತು.
ಮದುವೆಗೂ ಎರವಲು ಕೋಟು ತೊಟ್ಟೇ ಬಂದಿದ್ದ.

ಆಡಿದರೆ ಹೋಯಿತು ಮಾತು, ಒಡೆದರೆ ಹೋಯಿತು ಮುತ್ತು.
ನಾನೂರು ವರ್ಷದ ಹಿಂದೆ ಆಡಿದ್ದು
ಯಾಕೆ ಹೋಗಲಿಲ್ಲ? ಯಾರ ಯಾರ ಎಂಜಲಾಗಿ
ಈ ಮೀನುವಾಸನೆಯ ಬೀದಿಗೆ, ಈ ವಾಲಿದ ತುಟಿಗೆ?

ಗ್ರಂಥಾಲಯದಿಂದ ಪುಸ್ತಕ ತಂದೆ, ಅಂಚಲ್ಲಿ ಯಾರದೋ ಚಹಾ ಕಲೆ.
ಸಂಜೆ ಓದುತ್ತೇನೆ, ತಡವರಿಸಿ, ತಪ್ಪು ತಪ್ಪಾಗಿ;
ಅವನು ಎಡಗೈ ಎತ್ತಿ ತಿದ್ದುತ್ತಾನೆ.
ನಿನ್ನೆ ಕೊನೆಯ ಅಂಕಕ್ಕೆ ಬಂದೆವು.
ಮೂರನೆಯ ದೂತನ ಪ್ರವೇಶ.
ಬಾಯಿ ತೆರೆದ ಅವನು. ನಾನು ಕಾದೆ.
ಗಡಿಯಾರ, ಕಿಟಕಿ, ಕೆಟಲಿನ ಆವಿ.
ಅದೊಂದು ಸಾಲು ಇನ್ನೂ ಬಾರದು.

ನಾನೇ ಹೇಳಿದೆ, ಪಿಸುದನಿಯಲ್ಲಿ, ಪರದೆಯ ಹಿಂದಿನಿಂದ ಹೇಳಿಕೊಡುವವರಂತೆ.
ಆಮೇಲೆ ತಡೆಯಲಾಗದೆ ನಕ್ಕುಬಿಟ್ಟೆ, ಅವತ್ತಿನ ಹಾಗೇ.
ಅವನೂ ನಕ್ಕ,
ಉಳಿದ ಅರ್ಧ ಬಾಯಲ್ಲಿ.