ಹನ್ನೊಂದು ಕಿಲೋ ನಾನೂರು

ಜೇನು ಸೊಸೈಟಿಯ ಬಾಗಿಲು ಹಾಕುವ ಮೊದಲು
ಚೋಂದುವಿನ ಚೀಲವನ್ನು ತಕ್ಕಡಿಯ ಮೇಲಿಟ್ಟೆ.
ಹನ್ನೊಂದು ಕಿಲೋ ನಾನೂರು.
ಹತ್ತು ದಿನಕ್ಕೆ ಇದು ಹೆಚ್ಚೋ ಕಡಿಮೆಯೋ
ಹದಿನಾಲ್ಕು ವರ್ಷ ತೂಗಿದ ಕೈಗೆ ತಿಳಿಯಲಿಲ್ಲ.

ಮಾಚಮ್ಮ ಕಳಿಸಿದ ಪಟ್ಟಿ ಚಿಕ್ಕದು:
ಹಿಮ್ಮಡಿ ಇರುವ ಬೂಟು, ಉದ್ದ ಪ್ಯಾಂಟು, ಟಾರ್ಚು,
ತಲೆಗೆ ಹಾಕುವುದನ್ನು ಅವರೇ ಕೊಡುತ್ತಾರೆ,
ಫೋನು ಬೇಡ, ಡಬ್ಬಿ ತಿಂಡಿ ಬೇಡ,
ಎಲ್ಲದರ ಮೇಲೂ ಹೆಸರಿರಲಿ.
ಆರು ಜೊತೆ ಕಾಲುಚೀಲವೆಂದರೆ ಹನ್ನೆರಡು ಹೆಸರು.
ಕೆಂಪು ದಾರದಲ್ಲಿ ಚೋಂದು, ಚೋಂದು, ಚೋಂದು,
ಆ ಸೊನ್ನೆ ಸುತ್ತುವಾಗೆಲ್ಲ
ಸೂಜಿ ಬೆರಳಿಗೇ ಬಂತು.

ಒಂದು ರಾತ್ರಿ ಬೇರೆಡೆ ಮಲಗಿಸಿ ಅಭ್ಯಾಸ ಮಾಡಿಸಿ, ಎಂದಿದ್ದರು.
ಶನಿವಾರ ಸಿಸಿಲಿ ಟೀಚರ ಮನೆಗೆ ಕಳಿಸಿದೆವು.
ವಿರಾಜಪೇಟೆಯ ಈ ಸಾಲು ಮನೆಗಳಲ್ಲಿ
ನಮ್ಮ ಗೋಡೆಯೇ ಅವರ ಗೋಡೆ.
ಹತ್ತೂವರೆಗೆ ಅವಳು ನಕ್ಕದ್ದು ಕೇಳಿಸಿತು,
ಹನ್ನೊಂದಕ್ಕೆ ನಲ್ಲಿ.
ಆಮೇಲೆ ಏನೂ ಇಲ್ಲ.
ಗೋಡೆಗೆ ಕಿವಿಯಿಟ್ಟ ನನ್ನನ್ನು ನೋಡಿ
"ಅಭ್ಯಾಸ ಯಾರಿಗೆ?" ಎಂದ ಉತ್ತಯ್ಯ,
ಎಂದವನೇ ಎದ್ದು ಹೋಗಿ
ಹಾಕಿದ ಚಿಲಕವನ್ನು ಎರಡು ಸಲ ನೋಡಿ ಬಂದ.
ಬೆಳಿಗ್ಗೆ ಅವಳು ಬಂದದ್ದು ಒಂಬತ್ತಕ್ಕೆ,
ಅಪ್ಪಂ ತಿಂದು, ತಲೆ ಬಾಚಿಸಿಕೊಂಡು.
ಬೈತಲೆ ಬೇರೆ ಕಡೆಗೆ ಹೋಗಿತ್ತು.

ಮಾವ ಪಟ್ಟಿಯನ್ನು ಓದಲೇ ಇಲ್ಲ.
ಉಳಿದವರು ಬಂದೂಕಿನ ಕತೆ ಹೇಳುವಾಗ ಸುಮ್ಮನೆ ಕೂರುವ ಮನುಷ್ಯ,
ಸೇನೆಯಲ್ಲಿ ಹತ್ತೊಂಬತ್ತು ವರ್ಷ
ಹೇಸರಗತ್ತೆಗಳ ಗೊರಸು ಕೆರೆದವರು.
ಅಂಗಳದಲ್ಲಿ ನನ್ನ ಸ್ಕೂಟರನ್ನೇ ಕುದುರೆ ಮಾಡಿ ಕಲಿಸಿದರು:
"ಎಡದಿಂದ ಹೋಗು, ಮಾತಾಡುತ್ತಾ ಹೋಗು,
ಏನೂ ತೋಚದಿದ್ದರೆ ಮಗ್ಗಿ ಹೇಳು.
ಹಿಂದೆ ಮಾತ್ರ ನಿಲ್ಲಬೇಡ, ಅದಕ್ಕೆ ಅಲ್ಲಿ ಕಣ್ಣಿಲ್ಲ.
ಒದೆಯುವುದು ಸಿಟ್ಟಿಗಲ್ಲ ಮಗಳೇ,
ಯಾರೆಂದು ಗೊತ್ತಾಗದ್ದಕ್ಕೆ."
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎನ್ನುತ್ತಾ
ಚೋಂದು ಸ್ಕೂಟರಿನ ಎಡಗನ್ನಡಿಯನ್ನು
ಕಿವಿಯಂತೆ ಸವರಿದಳು.

ಇನ್ನೊಂದು ಕೆಲಸ ಬಾಕಿ:
ಮೂರನೇ ರಾತ್ರಿ ಓದಿಸಲು ಈಗಲೇ ಒಂದು ಕಾಗದ.
ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಅಂತೆಲ್ಲ ಬರೆಯಕೂಡದು,
ಮಾಚಮ್ಮನ ಕಟ್ಟಪ್ಪಣೆ.
ಮನೆಯ ಸುದ್ದಿ ಬರೆಯಿರಿ, ಸಾಕು.
ಇನ್ನೂ ಆಗದ ಸುದ್ದಿಯನ್ನು ಬರೆಯುವುದು ಹೇಗೆ?
ಇವತ್ತು ಬುಧವಾರ ಸಂಜೆ ಮಳೆ ಬಂತು, ಎಂದು ಬರೆದೆ.
ಬೆಕ್ಕು ಮತ್ತೆ ಹೆಂಚಿನ ಮೇಲೆ ಹತ್ತಿ
ಇಳಿಯಲಾರದೆ ಕೂಗಿತು. ತಾತ ಇಳಿಸಿದರು.
ಸುಳ್ಳಲ್ಲ ಇದು; ಮುಂಗಡ,
ಗೂಡು ತುಂಬುವ ಮೊದಲೇ
ನಾವು ಜೇನಿನವರಿಗೆ ಕೊಡುವಂಥದ್ದು.

ಸೋಮವಾರ. ಅಮ್ಮತ್ತಿ ದಾಟಿ, ತೋಟದ ನಡುವಿನ ಮಣ್ಣು ರಸ್ತೆ.
ಲಾಯದ ಮುಂದೆ ಜಾಯಿಕಾಯಿ ಎಂಬ ಹೆಣ್ಣು ಕುದುರೆ,
ಬಣ್ಣವೂ ಅದೇ.
ಒಂದು ಕಾಲಿಗೆ ಮಾತ್ರ ಬಿಳಿ ಕಾಲುಚೀಲ,
ಯಾರೂ ಹೆಸರು ಹೊಲಿಯದ್ದು.
ಚೋಂದು ಎಡದಿಂದ ಹೋದಳು.
ತುಟಿ ಅಲುಗುತ್ತಿತ್ತು, ಎಷ್ಟರ ಮಗ್ಗಿಯೋ ಕೇಳಿಸಲಿಲ್ಲ.
ಕುದುರೆ ಒಂದು ಕಿವಿಯನ್ನು ತಿರುಗಿಸಿತು
ಅವಳ ಕಡೆಗೆ.
ನಾನು ಅವಳ ಬೆನ್ನಿಗೇ ನಿಂತಿದ್ದೆ.
ಮಾವ ನನ್ನ ಮೊಣಕೈ ಹಿಡಿದು
ಒಂದು ಹೆಜ್ಜೆ ಪಕ್ಕಕ್ಕೆ ಎಳೆದರು.

ಫೋನು ಬರದಿದ್ದರೆ ಚೆನ್ನಾಗಿದ್ದಾಳೆಂದು ತಿಳಿಯಿರಿ, ಎಂದಿದ್ದಾರೆ.
ಫೋನು ಬರಲಿಲ್ಲ.
ಬುಧವಾರ ಸಂಜೆಯಾದರೂ ಮಳೆಯೂ ಬರಲಿಲ್ಲ,
ಬೆಕ್ಕು ಅಕ್ಕಿ ಮೂಟೆಯ ಮೇಲೆ ನಿದ್ದೆಯಲ್ಲಿತ್ತು.
ಉತ್ತಯ್ಯ ಗಡಿಯಾರ ನೋಡಿದ,
ಸಿಸಿಲಿ ಟೀಚರ ಏಣಿ ಕೇಳಿ ತಂದ,
ಬೆಕ್ಕನ್ನು ಎತ್ತಿಕೊಂಡು ಹೋಗಿ ಹೆಂಚಿನ ಮೇಲೆ ಬಿಟ್ಟು
ಕೆಳಗಿಳಿದು, ಕೈ ಒರೆಸಿಕೊಂಡು,
ಒಳಗೆ ಮುಖ ಮಾಡಿ ಕರೆದ:
"ಅಪ್ಪಾ, ಸ್ವಲ್ಪ ಬನ್ನಿ."