ಏಳು ನಿಮಿಷ

ಮಲಾಡಿನ ಒಂಬತ್ತನೇ ಮಹಡಿಯಲ್ಲಿ ರಾತ್ರಿ ಹತ್ತಕ್ಕೆ ಕೂತು
ಓಹಾಯೋದ ಒಂದು ಗೋದಾಮಿನವರ ಗಂಟೆ ಎಣಿಸುವುದು
ನನ್ನ ಕೆಲಸ.
ಯಾರು ಎಷ್ಟಕ್ಕೆ ಬಂದರು, ಎಷ್ಟಕ್ಕೆ ಹೋದರು,
ಮೂತ್ರಕ್ಕೆ ಎದ್ದದ್ದು ಊಟದ ಲೆಕ್ಕಕ್ಕೋ, ಬೇರೆಯೋ.
ಮುಖಗಳಿಲ್ಲ. ಹೆಸರು, ನಂಬರು, ಹೊತ್ತು.

ಅದರಲ್ಲೊಬ್ಬ ಲೆಮ್ಯುಯೆಲ್ ಪ್ರೂಯಿಟ್.
ಎಂಟು ವರ್ಷದಿಂದ ನನ್ನ ಪರದೆಯಲ್ಲಿದ್ದಾನೆ.
ಕಟ್ಟಿಕೊಂಡವನ ಹಾಗೆ ಅವನ ಹೋಗು-ಬರವು ನನಗೆ ಗೊತ್ತು.
ಮೊದಲು ವಾರಕ್ಕೆ ನಲವತ್ತೆರಡು ಗಂಟೆ, ಈಗ ಐವತ್ತೊಂಬತ್ತು.
ಮೊದಲು ಗಂಟೆಗೆ ಎಂಬತ್ತು ಪೆಟ್ಟಿಗೆ, ಈಗ ನೂರ ಮೂವತ್ತು
(ಅದಕ್ಕೂ ಒಂದು ಕಾಲಮ್ಮಿದೆ, ಹಸಿರು ಬಣ್ಣದ್ದು).
ಪಕ್ಕದ ಕಾಲಮ್ಮಿನಲ್ಲಿ ಗಂಟೆಯ ಕೂಲಿ:
ಎಂಟು ವರ್ಷದಲ್ಲಿ ಒಂದೆರಡು ಸಲ ಮೈಮುರಿದು
ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ನಗಬೇಡಿ. ಡಾಲರಿಗೆ ರೂಪಾಯಿ ಎಷ್ಟೆಂದು ನಾನೂ ಗುಣಿಸುತ್ತಿದ್ದೆ
ಮೊದಮೊದಲು, ಹೊಟ್ಟೆಕಿಚ್ಚಿನಿಂದ.
ಆಮೇಲೊಂದು ಜನವರಿಯಲ್ಲಿ
ಬಾಡಿಗೆ ಬಾಕಿಗೆಂದು ಕೋರ್ಟಿನವರು
ಅವನ ಸಂಬಳದಿಂದ ಹಿಡಿದ ಮೊತ್ತ ಟೈಪು ಮಾಡಿದೆ.
ಅವತ್ತಿನಿಂದ ಗುಣಿಸಿಲ್ಲ.

ನನಗೂ ಆಗ ರಾತ್ರಿಗೆ ನೂರ ನಲವತ್ತು ಹಾಳೆ, ಈಗ ಇನ್ನೂರ ಅರವತ್ತು.
ಅರ್ಧ ಯಂತ್ರವೇ ಓದುತ್ತದಲ್ಲ, ನಿಮಗೆ ಸುಲಭ,
ಅಂದ ಟೀಮ್ ಲೀಡರ್ ಪ್ರಥಮೇಶ್ ಘಾಗ್.
ಆ ಸುಲಭದ ದುಡ್ಡು ಯಾರ ಮನೆಗೆ ಹೋಯಿತು ಅಂತ ಕೇಳಿದರೆ
ಗಡಿಯಾರ ನೋಡಿಕೊಂಡ. ಪಾಪ,
ಅವನದೂ ಒಂದು ಹಾಳೆ ಇರಬೇಕು, ಎಲ್ಲೋ, ಯಾರದೋ ಪರದೆಯಲ್ಲಿ.

ನನ್ನಪ್ಪ ಫೋರ್ಟಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು
ರಾತ್ರಿಶಾಲೆಯಲ್ಲಿ ಮಗ್ಗಿ ಕಲಿತವನು.
ಲೋಕಲ್ಲಿನ ಕಿಟಕಿಯಲ್ಲಿ ನನಗೂ ಹೇಳಿಸುತ್ತಿದ್ದ:
ಕಾಲೊಂದ್ಲ ಕಾಲು, ಕಾಲೆರಡ್ಲ ಅರ್ಧ, ಕಾಲ್ಮೂರ್ಲ ಮುಕ್ಕಾಲು.
ಹದಿನಾರು ತಾಸು ನಿಂತವನಿಗೆ
ಕಾಲು ಅಂದರೆ ಬಾತುಕೊಂಡ ಕಾಲೇ ಇರಬೇಕು ಅಂದುಕೊಂಡಿದ್ದೆ.

ಇಲ್ಲೂ ಕಾಲಿನದೇ ನಿಯಮ. ಕಾಲು ಗಂಟೆಗೆ ಸರಿಮಾಡು:
ಏಳು ನಿಮಿಷದವರೆಗೆ ಕೆಳಕ್ಕೆ, ಎಂಟಾದರೆ ಮೇಲಕ್ಕೆ.
ಪ್ರೂಯಿಟ್ ಹೊರಡುವುದು ಆರು ಗಂಟೆ ಏಳು ನಿಮಿಷ.
ಮರುದಿನ ಆರು ಗಂಟೆ ಏಳು. ಅದರ ಮರುದಿನ ಏಳು ಗಂಟೆ ಏಳು.
ಕಾಕತಾಳೀಯ ಅಂದುಕೊಂಡೆ. ಹಾಳೆ ಸರಿಸುತ್ತ ಹೋದರೆ
ಇಡೀ ಗೋದಾಮೇ ಏಳಕ್ಕೆ ಹೊರಡುತ್ತದೆ.
ಎಂಟನೇ ನಿಮಿಷ ಆ ಊರಿನಲ್ಲಿ ಹುಟ್ಟಿಯೇ ಇಲ್ಲ.
ಯಾರೋ ಬಾಗಿಲಲ್ಲಿ ನಿಂತು
ಕುರಿ ಬಿಟ್ಟ ಹಾಗೆ ಬಿಡುತ್ತಾರೆ.

ಒಂದು ಗುರುವಾರ, ಮೂರರ ಚಹಾ ಆದ ಮೇಲೆ,
ಯಾಕೆಂದು ಕೇಳಿದರೆ ಇವತ್ತಿಗೂ ಹೇಳಲಾರೆ,
ಅವನ ಏಳನ್ನು ಒರಸಿ ಎಂಟು ಮಾಡಿದೆ.
ಒಂದೇ ದಿನದ್ದು. ಒಂದೇ ಕೀಲಿ.
ಕಿಟಕಿಯಾಚೆ ಲಿಂಕ್ ರೋಡಿನಲ್ಲಿ ಮೆಟ್ರೋದ ಕಂಬಗಳು
ಏನೂ ಕಾಣದವರ ಹಾಗೆ ನಿಂತಿದ್ದವು.

ಮೂರನೇ ವಾರ ಆಡಿಟ್ಟಿನಲ್ಲಿ ಸಿಕ್ಕಿತು.
ಕೈತಪ್ಪು ಅಂದೆ. ನಂಬಿದರು, ತಪ್ಪಿಗೂ ದರವಿದೆ:
ಆ ತಿಂಗಳ ಇನ್ಸೆಂಟಿವ್ ಹೋಯಿತು.
ಪ್ರೂಯಿಟ್‌ಗೆ ಹೆಚ್ಚು ಕೊಟ್ಟ ಕಾಲು ಗಂಟೆಯನ್ನು
ಮುಂದಿನ ವಾರದ ಸಂಬಳದಲ್ಲಿ ಮುರಿದುಕೊಂಡರು.
ಆ ಸಾಲನ್ನೂ ನನ್ನಿಂದಲೇ ಟೈಪು ಮಾಡಿಸಿದರು.

ಅವನು ನೋಡಿದ್ದನೇ? ಆ ವಾರ ಸಂಬಳದ ಚೀಟಿ ಬಿಡಿಸಿ
ಇದೇನಿದು, ಎಲ್ಲಿಂದ ಬಂತು ಅಂತ
ಹೆಂಡತಿಗೆ ತೋರಿಸಿದ್ದನೇ?
ನೋಡಿರಲಾರ. ದಣಿದವರು ಮೊತ್ತ ನೋಡುತ್ತಾರೆ, ಸಾಲು ಓದುವುದಿಲ್ಲ.

ಬೆಳಗ್ಗೆ ಲಾಗೌಟ್ ಆಗಿ, ಬ್ಯಾಗು ತೆರೆದು ತೋರಿಸುವ ಸಾಲಿನಲ್ಲಿ
ನಾವು ಮೂವತ್ತು ಜನ.
ಅದು ಯಾರ ಲೆಕ್ಕದ ಹೊತ್ತೂ ಅಲ್ಲ.
ಕೆಳಗೆ ಹಾರ್ನು ಹೊಡೆಯುವ ಕ್ಯಾಬಿನ ರಾಮ್‌ಸಜೀವನನಿಗೆ
ಇನ್ನೂ ಎರಡು ಟ್ರಿಪ್ಪಿದೆ.

ಕಾಂದಿವಲಿಯ ಮನೆಯಲ್ಲಿ, ಹಗಲನ್ನು ಪರದೆ ಎಳೆದು ಕೊಂದು,
ಮಲಗುತ್ತೇನೆ. ಸಂಜೆ ಅಮ್ಮ ಭುಜ ಅಲುಗಿಸುತ್ತಾಳೆ:
ಏಳು, ಏಳೇ, ಹೊತ್ತಾಯಿತು.

ಮೊನ್ನೆ ನಿದ್ದೆಗಣ್ಣಿನಲ್ಲಿ ನಾನು
ಎಂಟು, ಅಂದೆನಂತೆ.
ಕಟ್ಟಡದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ.