ಅಂಚನ್ನು ಎಲ್ಲಿಟ್ಟಿರಿ?

ನಕ್ಷೆ ಬರೆದವಳು ನಾನೇ.
ಬ್ರನೋ ನಗರದ ನಟ್ಟನಡುವೆ, ಕಮ್ಮಾರಬೀದಿಯನ್ನು
ಗೋಡೆಯಿಂದ ಗೋಡೆಗೆ ಅಳೆದು
ಕಾರುಗಳನ್ನೆಲ್ಲ ರಬ್ಬರಿನಿಂದ ಒಂದೊಂದಾಗಿ ಅಳಿಸಿ
ಹಸಿರು ಪೆನ್ಸಿಲು ಗಿಡ್ಡವಾಗುವತನಕ ಮರ ನೆಟ್ಟವಳು.

ಕಮ್ಮಾರರು ಹೋಗಿ ಯಾವ ಕಾಲವಾಯಿತೋ.
ಆಮೇಲೆ ಬಂದದ್ದು ಬಸ್ಸು, ಲಾರಿ, ಹೊಗೆ,
ಮಾರ್ಚ್ ಬಂದರೂ ಕರಗದ ಕಪ್ಪು ಹಿಮ,
ಸಾಲುಗಟ್ಟಿ ನಿಂತ ಕಾರುಗಳ ಸಂದಿಯಲ್ಲಿ
ಸೊಟ್ಟಸೊಟ್ಟಗೆ ನುಸುಳುವ ಕೂಸಿನ ತಳ್ಳುಗಾಡಿ.
ಸಾಕು ಅಂದೆವು. ಡಾಂಬರು ಕಿತ್ತೆವು.
ರಸ್ತೆಗೂ ಕಾಲುಹಾದಿಗೂ ನಡುವಿನ
ಗೇಣೆತ್ತರದ ಕಲ್ಲಂಚನ್ನೂ ಕಿತ್ತು
ಇಡೀ ಬೀದಿಯನ್ನು ಒಂದೇ ಮಟ್ಟಕ್ಕೆ ತಂದೆವು,
ಇಲ್ಲಿ ಮೇಲು ಕೀಳು ಇರಬಾರದೆಂದು.
ಸಭೆಯಲ್ಲಿ ನಾನು ಹೇಳಿದ ಮಾತು ಅದು.
ಚಪ್ಪಾಳೆ ಬಿತ್ತು.

ಮೊದಲ ದಿನ ಬ್ಯಾಂಡು. ಬೇಕರಿಯ ಹೆಡ್ವಿಕಾ
ಮೇಜುಗಳನ್ನು ಬೀದಿಗೆ ಎಳೆದು
ಗಸಗಸೆ ತುಂಬಿದ ಬನ್ನು ಪುಕ್ಕಟೆ ಹಂಚಿದಳು.
ಮೂರನೆಯ ದಿನ ಬಂದರು ವೆಂಡೆಲೀನ್ ಸ್ಕೌಪಿಲ್,
ಪಿಯಾನೊಗಳಿಗೆ ಶ್ರುತಿ ಕೂಡಿಸುವವರು,
ಹುಟ್ಟಿನಿಂದ ಕಣ್ಣಿಲ್ಲದವರು,
ಐವತ್ತು ವರ್ಷ ಈ ಬೀದಿಯಲ್ಲಿ
ಯಾರ ಕೈಯನ್ನೂ ಹಿಡಿಯದೆ ನಡೆದವರು.

ಬಿಳಿಕೋಲು ತಟ್ಟಿದರು ಎಡಕ್ಕೆ. ಬಲಕ್ಕೆ.
ಮತ್ತೆ ಎಡಕ್ಕೆ.
ನೀರಿಳಿದ ಕೆರೆಯಲ್ಲಿ ನಿಂತು
ದಡ ಹುಡುಕುವವರ ಹಾಗೆ.
"ಅಂಚನ್ನು ಎಲ್ಲಿಟ್ಟಿರಿ?" ಅಂದರು.

"ಕಾರು ಅಂದರೆ ನನಗೆ ಹೊಳೆ, ತಾಯಿ.
ಎಡಗಿವಿಯಲ್ಲಿ ಅದು ಹರಿಯುತ್ತಿದ್ದರೆ
ನಾನು ನೆಟ್ಟಗಿದ್ದೇನೆ ಅಂತ ಗೊತ್ತು.
ಇಗರ್ಜಿಯ ತಿರುವಲ್ಲಿ ಗೇರು ಬದಲಿಸುವಾಗ
ಬಸ್ಸು ಒಂದು ಸ್ವರ ಇಳಿಯುತ್ತಿತ್ತು,
ಅಲ್ಲಿ ದಾಟುತ್ತಿದ್ದೆ.
ಈಗ ಎಲ್ಲ ಕಡೆಯೂ ಹಕ್ಕಿ.
ಹಕ್ಕಿ ದಿಕ್ಕು ಹೇಳುವುದಿಲ್ಲ.
ಸೈಕಲ್ಲೋ, ಬೆಕ್ಕಿನ ಜಾತಿ,
ಮೈಮೇಲೆ ಬಂದಮೇಲೆ ಗಂಟೆ."

ದೂರಿನ ದನಿಯಲ್ಲ ಅದು.
ನಿಮ್ಮ ಪಿಯಾನೊದ ಇಂಥ ತಂತಿ ಸಡಿಲಾಗಿದೆ ಎಂದು
ಮನೆಯವರಿಗೆ ಹೇಳುವ ದನಿ.

ನಕ್ಷೆ ಬಿಚ್ಚಿ ನೋಡಿದೆ.
ನಾಯಿಗೆ ನೀರಿನ ಬಟ್ಟಲಿತ್ತು,
ಗುಬ್ಬಿಗೆ ಗೂಡಿತ್ತು, ಜೇನಿಗೆ ಹೂವಿತ್ತು.
ಕಿವಿ ಇರಲಿಲ್ಲ.

ಒಂದು ಬುಧವಾರ ಕಣ್ಣಿಗೆ ಸ್ಕಾರ್ಫು ಕಟ್ಟಿಕೊಂಡು
ಅವರ ಮೊಳಕೈ ಹಿಡಿದೆ.
ಇಪ್ಪತ್ತು ಹೆಜ್ಜೆಗೆ ನನ್ನ ಬೀದಿ ನನಗೇ ಕಳೆದುಹೋಯಿತು.
ನಾನೇ ಆರಿಸಿದ ಬೆಂಚಿಗೆ ಮೊಣಕಾಲು ಬಡಿಯಿತು.
"ಓಕ್ ಮರ," ಅಂದರು ಸವರಿ, "ಒಳ್ಳೆ ಬೆಂಚು."
"ಇಲ್ಲಿ ರೊಟ್ಟಿಯ ವಾಸನೆ
ಬೆಳಿಗ್ಗೆ ಹತ್ತರವರೆಗೆ ಗೋಡೆ.
ಆಮೇಲೆ ಬಯಲು."

ಗೀರುಗಲ್ಲಿನ ಪಟ್ಟಿ ಹಾಕಿಸಿದೆ, ಕೋಲಿಗೆ ತಾಗುವಂತೆ.
ಅವರು ಕೇಳಿದ್ದು ಇನ್ನೊಂದು:
ಹಬರ್ ಎಂಬ ಬೇಲಿಗಿಡ, ಒಣಗಿದಮೇಲೂ
ಎಲೆಯನ್ನು ಕೈಬಿಡದ್ದು,
ಚಳಿಗಾಲವಿಡೀ ಗಾಳಿಗೆ ಗರಗರ ಎನ್ನುವುದು.
ಸಮಿತಿಗೆ ಬೇಕಾದದ್ದು ಫೋಟೋಗೆ ಚೆಂದದ ಚೆರ್ರಿ.
ಸದ್ದು ಮಾಡುವ ಗಿಡವನ್ನು
ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು
ಗುಮಾಸ್ತ ಎರಡು ಸಲ ಫೋನು ಮಾಡಿದ.

ಅಷ್ಟರಲ್ಲಿ ಅಕ್ಟೋಬರ್. ಕ್ಲಾಸಿಗೆ ತಡವಾದ ಹುಡುಗನ ಸೈಕಲ್ಲು
ಅವರ ಬಲಗೈ ಮಣಿಕಟ್ಟು ಮುರಿಯಿತು.
ಕಾರುಗಳನ್ನು ವಾಪಸು ತನ್ನಿ ಎಂದು
ಸಹಿ ಸಂಗ್ರಹವಾಯಿತು, ಅವರ ಹೆಸರಿನಲ್ಲಿ.
ಪ್ಲಾಸ್ಟರಿನ ಕೈ ಹೊತ್ತು ಸಭೆಗೆ ಬಂದರು.
ಎಲ್ಲರೂ ಸರಿದು ಜಾಗ ಬಿಟ್ಟೆವು,
ಜಾಗ ಬಿಟ್ಟದ್ದು ಎಲ್ಲಿ ಎಂದು ಹೇಳಲು ಮರೆತೆವು.

"ನನ್ನ ಹೆಸರು ತೆಗೆಯಿರಿ," ಅಂದರು.
"ಹೋದ ತಿಂಗಳು ಹೆಡ್ವಿಕಾಳ ಮಾಳಿಗೆಯಲ್ಲಿ
ಹಳೆಯ ಪಿಯಾನೊ ಒಂದನ್ನು
ಕಿಟಕಿ ತೆರೆದಿಟ್ಟು ಶ್ರುತಿ ಮಾಡಿದೆ.
ಐವತ್ತು ವರ್ಷದಲ್ಲಿ ಮೊದಲ ಸಲ."
ಕುಳಿತರು. ಕುರ್ಚಿ ಸಿಕ್ಕಲು ಕೊಂಚ ಹೊತ್ತಾಯಿತು.

ಈಗ ಜನವರಿ. ಕಚೇರಿಯ ಕಿಟಕಿಯಿಂದ ಕಾಣುತ್ತದೆ:
ಕಂದು ಎಲೆಯ ಹಬರ್ ಸಾಲು, ಒರಟಾಗಿ ಪಿಸುಗುಡುತ್ತಾ.
ಎಡಗಿವಿಯನ್ನು ಅದಕ್ಕೊಪ್ಪಿಸಿ
ಕೊಂಚ ವಾಲಿ ನಡೆಯುತ್ತಾರೆ ಸ್ಕೌಪಿಲ್.
ಆರು ಗಿಡ ದಾಟುತ್ತಾರೆ.
ಏಳನೆಯದರ ಜಾಗದಲ್ಲಿ ನಿಲ್ಲುತ್ತಾರೆ,
ಕೋಲೆತ್ತಿ.

ಆ ಒಂದು ಗಿಡದ ಬಿಲ್ಲು
ಇನ್ನೂ ಮಂಜೂರಾಗಿಲ್ಲ.